ನಾಲಿಗೆ ಕೆಳಗಿಟ್ಟ ಮಾತ್ರೆ ಎರಡೇ ನಿಮಿಷದಲ್ಲಿ ಹೃದಯಕ್ಕೆ ಏನು ಮಾಡುತ್ತದೆ?

ಸಂಜೆಗಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 68 ವರ್ಷ. ಎರಡು ಮಹಡಿ ಹತ್ತಿದರೆ ಎದೆ ಮೇಲೆ ಯಾರೋ ಕೂತ ಹಾಗೆ ಭಾರ ಆಗುತ್ತದೆ, ನಿಂತರೆ ಹೋಗುತ್ತದೆ. ಆಂಜಿಯೋಗ್ರಾಂ ಮಾಡಿಸಿದೆವು. ಒಂದು ಕಡೆ ಬ್ಲಾಕ್ ಇದೆ, ಸದ್ಯಕ್ಕೆ ಔಷಧಿಯಲ್ಲೇ ನೋಡೋಣ ಅಂದರು. ನಾಲಿಗೆ ಕೆಳಗೆ ಇಟ್ಟುಕೊಳ್ಳೋಕೆ ನೈಟ್ರೋಗ್ಲಿಸರಿನ್ ಮಾತ್ರೆ ಕೊಟ್ಟಿದ್ದಾರೆ. ಮೊನ್ನೆ ಮೊದಲ ಸಲ ಇಟ್ಟುಕೊಂಡರು. ಎರಡೇ ನಿಮಿಷದಲ್ಲಿ ಎದೆನೋವು ಇಳಿಯಿತು. ಆದರೆ ತಲೆ ಸಿಡಿಯುವಷ್ಟು ನೋವು ಶುರುವಾಯಿತು, ಮುಖ ಕೆಂಪಾಯಿತು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ನನಗೆ ತುಂಬಾ ಭಯ ಆಯಿತು.

ಇದರ ಜೊತೆ ದಿನಾ ನುಂಗೋಕೆ ಐಸೊಸಾರ್ಬೈಡ್ ಮೋನೋನೈಟ್ರೇಟ್ ಅನ್ನುವ ಮಾತ್ರೆ ಇದೆ. ಬೆಳಗ್ಗೆ 8ಕ್ಕೆ ಒಂದು, ಮಧ್ಯಾಹ್ನ 3ಕ್ಕೆ ಒಂದು ಅಂತ ಬರೆದಿದ್ದಾರೆ. ದಿನಕ್ಕೆ ಎರಡು ಅಂದರೆ 12 ಗಂಟೆಗೊಂದು ಇರಬೇಕಲ್ವಾ? ರಾತ್ರಿಯಿಡೀ ಔಷಧಿ ಇಲ್ಲದೆ ಬಿಟ್ಟ ಹಾಗಾಗಲ್ವಾ? ಮತ್ತೆ ಇನ್ನೊಂದು ವಿಷಯ. ವರ್ಷಗಟ್ಟಲೆ ಕಟ್ಟಿಕೊಂಡ ಬ್ಲಾಕ್ ಎರಡು ನಿಮಿಷಕ್ಕೆ ತೆರೆದುಕೊಳ್ಳುವುದು ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬೆಳ್ಳಿಮೋಡ:
ನನಗೆ ತಿಳಿದ ಮಟ್ಟಿಗೆ ಮಾತ್ರೆ ರಕ್ತನಾಳವನ್ನು ಹಿಗ್ಗಿಸುತ್ತದೆ. ಕಟ್ಟಿಕೊಂಡ ಕೊಳಾಯಿ ಅಗಲ ಆದ ಹಾಗೆ, ಬ್ಲಾಕ್ ಪಕ್ಕದಿಂದ ರಕ್ತ ಹರಿಯೋಕೆ ಜಾಗ ಸಿಗುತ್ತದೆ. ತಲೆಯ ರಕ್ತನಾಳಗಳೂ ಹಿಗ್ಗುತ್ತವೆ, ಅದಕ್ಕೇ ತಲೆನೋವು. ಹೆದರಬೇಡಿ, ತುಂಬಾ ಜನರಿಗೆ ಹೀಗಾಗುತ್ತದೆ.

ತುಂಬೆಹೂ:
ತಲೆನೋವಿನ ವಿಷಯ ಬೆಳ್ಳಿಮೋಡ ಅವರು ಸರಿಯಾಗಿಯೇ ಹೇಳಿದ್ದಾರೆ. ಕೊಳಾಯಿ ಮಾತು ಮಾತ್ರ ಪೂರ್ತಿ ಸರಿಯಿಲ್ಲ. ನಾನು ಡಾಕ್ಟರ್ ಅಲ್ಲ. ಹೃದಯದ ರಕ್ತನಾಳದ ತುಂಡುಗಳನ್ನು ಇಟ್ಟುಕೊಂಡು ಔಷಧಿ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಈ ಕೊಳಾಯಿ ಚಿತ್ರ ತಲೆಯಲ್ಲಿ ಕೂತುಬಿಟ್ಟರೆ ಮುಂದೆ ಯಾವುದೂ ಅರ್ಥ ಆಗುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಹೃದಯದ ಒಂದು ವಿಶೇಷ ಹೇಳುತ್ತೇನೆ. ದೇಹದ ಬೇರೆ ಭಾಗಗಳು ತಮ್ಮ ಹತ್ತಿರ ಬಂದ ರಕ್ತದಲ್ಲಿರುವ ಆಮ್ಲಜನಕದಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಭಾಗ ತೆಗೆದುಕೊಳ್ಳುತ್ತವೆ. ಹೃದಯದ ಸ್ನಾಯು ಸುಮ್ನೆ ಕೂತಿರುವಾಗಲೇ 70ರಿಂದ 80 ಶೇಕಡಾ ತೆಗೆದುಕೊಂಡುಬಿಡುತ್ತದೆ. ಅಂದರೆ ಮೆಟ್ಟಿಲು ಹತ್ತುವಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡಿ ತೆಗೆಯೋಕೆ ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಜಾಸ್ತಿ ಆಮ್ಲಜನಕ ಬೇಕಾದರೆ ಜಾಸ್ತಿ ರಕ್ತವೇ ಬರಬೇಕು. ವಿಶ್ರಾಂತಿಯಲ್ಲಿ ಹೃದಯದ ಸ್ವಂತ ನಾಳಗಳಲ್ಲಿ ನಿಮಿಷಕ್ಕೆ ಸುಮಾರು 250 ಮಿಲಿ ಲೀಟರ್ ರಕ್ತ ಹರಿಯುತ್ತದೆ, ಕಷ್ಟದ ಕೆಲಸ ಮಾಡುವಾಗ ಆರೋಗ್ಯವಾಗಿರುವ ಹೃದಯದಲ್ಲಿ ಅದು ನಾಲ್ಕು ಪಟ್ಟು ಆಗಬಲ್ಲದು. ಈ ಏರಿಕೆಯನ್ನು ಮಾಡಿಕೊಡುವುದು ಆಂಜಿಯೋಗ್ರಾಂನಲ್ಲಿ ಕಾಣುವ ದೊಡ್ಡ ನಾಳಗಳಲ್ಲ. ಅದರಾಚೆ ಸ್ನಾಯುವಿನ ಒಳಗೆ ಹರಡಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು.

ದೊಡ್ಡ ನಾಳದಲ್ಲಿ ಬ್ಲಾಕ್ ಬಂದರೆ ಈ ಸಣ್ಣ ನಾಳಗಳು ತಾವಾಗಿಯೇ ಸಡಿಲ ಆಗಿ ಕೊರತೆ ತುಂಬುತ್ತವೆ. 1974ರಲ್ಲಿ ಗೌಲ್ಡ್ ಎಂಬವರ ತಂಡ ನಾಯಿಗಳಲ್ಲಿ ಇದನ್ನು ಅಳೆದಿತ್ತು. ನಾಳದ ಅಗಲ ಹೆಚ್ಚುಕಡಿಮೆ ಅರ್ಧ ಕಮ್ಮಿಯಾದ ಮೇಲೆ ಗರಿಷ್ಠ ಹರಿವು ಕುಗ್ಗೋಕೆ ಶುರುವಾಗುತ್ತದೆ. ವಿಶ್ರಾಂತಿಯ ಹರಿವು ಮಾತ್ರ ಸುಮಾರು 85 ಶೇಕಡಾ ಮುಚ್ಚುವ ತನಕ ಕುಗ್ಗುವುದಿಲ್ಲ. ನಿಮ್ಮ ಅಮ್ಮನಿಗೆ ಕೂತಾಗ ಏನೂ ಇಲ್ಲದೆ ಮೆಟ್ಟಿಲಲ್ಲಿ ಮಾತ್ರ ನೋವು ಬರುವುದು ಇದಕ್ಕೇ. ಸಣ್ಣ ನಾಳಗಳು ಎಷ್ಟು ಸಡಿಲ ಆಗಬಹುದೋ ಅಷ್ಟೂ ಆಗಿ ಮುಗಿದಿರುತ್ತವೆ.

ಈಗ ಮಾತ್ರೆಗೆ ಬರೋಣ. ನೈಟ್ರೋಗ್ಲಿಸರಿನ್ ಎಲ್ಲಕ್ಕಿಂತ ಜಾಸ್ತಿ ಹಿಗ್ಗಿಸುವುದು ವೇನ್‌ಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸು ತರುವ ನಾಳಗಳನ್ನು. ಅವು ಹಿಗ್ಗಿದರೆ ರಕ್ತ ಕಾಲಲ್ಲಿ, ಹೊಟ್ಟೆಯಲ್ಲಿ ಸ್ವಲ್ಪ ನಿಂತುಕೊಳ್ಳುತ್ತದೆ. ಹೃದಯಕ್ಕೆ ಬಂದು ತುಂಬುವ ರಕ್ತ ಕಡಿಮೆ ಆಗುತ್ತದೆ, ಹೃದಯ ಊದಿಕೊಳ್ಳುವುದು ಕಡಿಮೆ ಆಗುತ್ತದೆ, ಗೋಡೆಯ ಮೇಲಿನ ಎಳೆತ ಇಳಿಯುತ್ತದೆ, ಅದರಿಂದ ಬೇಕಾಗುವ ಆಮ್ಲಜನಕವೂ ಇಳಿಯುತ್ತದೆ. ಅಮ್ಮನಿಗೆ ಎದ್ದಾಗ ಕಣ್ಣು ಕತ್ತಲೆ ಬಂದದ್ದೂ ಇದರಿಂದಲೇ. ಹೃದಯದ ದೊಡ್ಡ ನಾಳಗಳೂ ಹಿಗ್ಗುತ್ತವೆ, ಬ್ಲಾಕ್ ಸುತ್ತ ಪಕ್ಕದಾರಿಯಾಗಿ ಬೆಳೆದ ನಾಳಗಳೂ ಹಿಗ್ಗುತ್ತವೆ, ಅದರ ಉಪಕಾರ ಇಲ್ಲ ಅಂತ ಹೇಳುತ್ತಿಲ್ಲ. ಆದರೆ 1972ರಲ್ಲಿ ಗಾಂಜ್ ಮತ್ತು ಮಾರ್ಕಸ್ ಅಂತ ಇಬ್ಬರು ಒಂದು ನೇರವಾದ ಪರೀಕ್ಷೆ ಮಾಡಿದರು. ರೋಗಿಗಳ ಹೃದಯವನ್ನು ಪೇಸಿಂಗ್‌ನಿಂದ, ಅಂದರೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ವೇಗವಾಗಿ ಬಡಿಯುವಂತೆ ಮಾಡಿ, ಎದೆನೋವು ಬಂದಾಗ ನೈಟ್ರೋಗ್ಲಿಸರಿನ್ ಅನ್ನು ಹೃದಯದ ನಾಳದ ಒಳಗೇ ಬಿಟ್ಟರು. ನೋವು ಹೋಗಲಿಲ್ಲ. ಕೈಯ ವೇನ್‌ಗೆ ಕೊಟ್ಟು ಇಡೀ ದೇಹಕ್ಕೆ ಹರಡಿದಾಗ ಹೋಯಿತು. ನನಗೆ ಈ ಒಂದು ಪ್ರಯೋಗ ಎಷ್ಟೋ ಪುಟಗಳ ವಿವರಣೆಗಿಂತ ಹೆಚ್ಚು ಕಲಿಸಿದೆ.

ಹಾಗಾಗಿ ಬ್ಲಾಕ್ ತೆರೆದಿಲ್ಲ. ಹೃದಯದ ಹೊರೆ ಇಳಿದಿದೆ.

ಸಂಜೆಗಾಳಿ:
ಅಬ್ಬಾ, ಇಷ್ಟು ದಿನ ನಾನು ಪೂರ್ತಿ ಬೇರೆಯೇ ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್. ಆದರೆ ನಾಳಕ್ಕೆ "ಸಡಿಲ ಆಗು" ಅಂತ ಹೇಳುವುದು ಏನು? ಮಾತ್ರೆ ನೇರವಾಗಿ ಸ್ನಾಯುವನ್ನು ಹಿಡಿದು ಬಿಡಿಸುತ್ತದಾ?

ತುಂಬೆಹೂ:
ಇದು ನನಗೆ ತುಂಬಾ ಇಷ್ಟವಾದ ಭಾಗ, ನನ್ನದೇ ಅನುಭವದಿಂದ ಶುರು ಮಾಡುತ್ತೇನೆ.

ನಾವು ಹಂದಿಯ ಹೃದಯದ ನಾಳವನ್ನು ಮೂರು ಮಿಲಿಮೀಟರ್ ಉಂಗುರಗಳಾಗಿ ಕತ್ತರಿಸುತ್ತಿದ್ದೆವು. ಉಂಗುರದೊಳಗೆ ಎರಡು ಸಣ್ಣ ತಂತಿ ತೂರಿಸಿ, ಒಂದನ್ನು ಕೆಳಗೆ ಕಟ್ಟಿ, ಇನ್ನೊಂದನ್ನು ಬಲ ಅಳೆಯುವ ಯಂತ್ರಕ್ಕೆ ಸಿಕ್ಕಿಸಿ, 37 ಡಿಗ್ರಿಯ ಉಪ್ಪುನೀರಿನಲ್ಲಿ ಇಳಿಬಿಡುವುದು. ನೀರಿನಲ್ಲಿ 95 ಶೇಕಡಾ ಆಮ್ಲಜನಕ, 5 ಶೇಕಡಾ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬರುತ್ತಿರಬೇಕು. ಹೀಗಿಟ್ಟರೆ ಗಂಟೆಗಟ್ಟಲೆ ಆ ತುಂಡು ಜೀವಂತ ಇರುತ್ತದೆ. ಔಷಧಿ ಹಾಕಿದರೆ ಬಿಗಿಯಾಗುತ್ತದೆ, ಇನ್ನೊಂದು ಹಾಕಿದರೆ ಸಡಿಲವಾಗುತ್ತದೆ, ಪರದೆ ಮೇಲೆ ಗೆರೆ ಏರಿ ಇಳಿಯುವುದು ಕಾಣುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು.

ನಾನು ಸೇರಿದ ಹೊಸತರಲ್ಲಿ ಮೂರು ವಾರ ನನ್ನ ಉಂಗುರಗಳು ಬ್ರ್ಯಾಡಿಕೈನಿನ್‌ಗೆ (ನಾಳವನ್ನು ಸಡಿಲಿಸುವ, ದೇಹದಲ್ಲೇ ಇರುವ ಒಂದು ರಾಸಾಯನಿಕ) ಸಡಿಲ ಆಗಲೇ ಇಲ್ಲ. ಪಕ್ಕದವರ ಉಂಗುರಗಳು ಆಗುತ್ತಿದ್ದವು. ಅದೇ ಹೃದಯ, ಅದೇ ಔಷಧಿ. ಆದರೆ ನೈಟ್ರೋಗ್ಲಿಸರಿನ್ ಹಾಕಿದರೆ ನನ್ನವೂ ಚೆನ್ನಾಗಿ ಸಡಿಲ ಆಗುತ್ತಿದ್ದವು. ಕೊನೆಗೆ ಗೊತ್ತಾಯಿತು, ಕೊಬ್ಬು ಬಿಡಿಸುವಾಗ ನಾನು ಚಿಮಟವನ್ನು ನಾಳದ ಒಳಗೆ ಹಾಕಿ ಹಿಡಿಯುತ್ತಿದ್ದೆ. ಒಳಗಿನ ಪೊರೆ ಉಜ್ಜಿಹೋಗುತ್ತಿತ್ತು. ಆ ಪೊರೆ ಒಂದೇ ಒಂದು ಜೀವಕೋಶದಷ್ಟು ದಪ್ಪ, ಹೆಸರು ಎಂಡೋಥೀಲಿಯಂ. ಬ್ರ್ಯಾಡಿಕೈನಿನ್ ಸ್ನಾಯುವಿಗೆ ಏನೂ ಹೇಳುವುದಿಲ್ಲ, ಪೊರೆಗೆ ಹೇಳುತ್ತದೆ. ಪೊರೆ ಸ್ನಾಯುವಿಗೆ ಹೇಳುತ್ತದೆ. ನನ್ನ ಉಂಗುರಗಳಲ್ಲಿ ಆ ಮಧ್ಯದವರೇ ಇರಲಿಲ್ಲ.

ರಾಬರ್ಟ್ ಫರ್ಚ್‌ಗಾಟ್ ಇದನ್ನೇ ಮೊಲದ ಮಹಾಪಧಮನಿಯಲ್ಲಿ ಕಂಡುಕೊಂಡು 1980ರಲ್ಲಿ ಪ್ರಕಟಿಸಿದರು. ಅಲ್ಲಿ ಬಳಸಿದ್ದು ಅಸಿಟೈಲ್‌ಕೋಲಿನ್, ನರಗಳು ಬಿಡುವ ಒಂದು ರಾಸಾಯನಿಕ. ಪೊರೆ ಇದ್ದರೆ ನಾಳ ಸಡಿಲ, ಉಜ್ಜಿ ತೆಗೆದರೆ ಸಡಿಲವಾಗುವುದೇ ಇಲ್ಲ. ಪೊರೆ ಏನೋ ಒಂದನ್ನು ಬಿಡುಗಡೆ ಮಾಡುತ್ತಿದೆ ಅಂತ ಗೊತ್ತಾಯಿತು, ಅದು ಏನು ಅಂತ ಗೊತ್ತಾಗೋಕೆ ಇನ್ನೂ ಆರೇಳು ವರ್ಷ ಬೇಕಾಯಿತು. ಅದು ನೈಟ್ರಿಕ್ ಆಕ್ಸೈಡ್, ಒಂದು ಅನಿಲ! ಹುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುವ ಅನಿಲ. ಅದು ಸ್ನಾಯುಕೋಶದ ಒಳಗೆ ನುಸುಳಿ ಗ್ವಾನಿಲೇಟ್ ಸೈಕ್ಲೇಸ್ ಅನ್ನುವ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಸೈಕ್ಲಿಕ್ ಜಿಎಂಪಿ ಅನ್ನುವ, ಕೋಶದೊಳಗೆ ಸಂದೇಶ ಒಯ್ಯುವ ಅಣುವನ್ನು ತಯಾರಿಸುತ್ತದೆ, ಅದರಿಂದ ಕೋಶದೊಳಗಿನ ಕ್ಯಾಲ್ಸಿಯಂ ಇಳಿಯುತ್ತದೆ. ಕ್ಯಾಲ್ಸಿಯಂ ಇಳಿದರೆ ಸ್ನಾಯು ಬಿಗಿ ಬಿಡುತ್ತದೆ.

ಇನ್ನು ನೈಟ್ರೋಗ್ಲಿಸರಿನ್. 1879ರಲ್ಲಿ ವಿಲಿಯಂ ಮರೆಲ್ ಅದನ್ನು ಎದೆನೋವಿಗೆ ಕೊಟ್ಟು ಬರೆದರು, ಆದರೆ ಯಾಕೆ ಕೆಲಸ ಮಾಡುತ್ತದೆ ಅಂತ ಆಮೇಲೆ ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. 1977ರಲ್ಲಿ ಫೆರಿಡ್ ಮುರಾದ್ ತಂಡ ನೈಟ್ರೋಗ್ಲಿಸರಿನ್ ಜಾತಿಯ ನೈಟ್ರೇಟ್ ಔಷಧಿಗಳಿಂದ ನೈಟ್ರಿಕ್ ಆಕ್ಸೈಡ್ ಬಂದು ಅದೇ ಕಿಣ್ವವನ್ನು ಎಬ್ಬಿಸುತ್ತದೆ ಅಂತ ತೋರಿಸಿತು. ಅಂದರೆ ಪೊರೆ ಮಾಡಬೇಕಾದ ಕೆಲಸದ ಸಾಮಾನನ್ನು ಈ ಮಾತ್ರೆ ಹೊರಗಿನಿಂದ ತಂದುಕೊಡುತ್ತದೆ. ಪೊರೆ ಹಾಳಾಗಿದ್ದರೂ ಪರವಾಗಿಲ್ಲ, ನನ್ನ ಉಂಗುರಗಳ ಹಾಗೆ. ಫರ್ಚ್‌ಗಾಟ್, ಮುರಾದ್, ಲೂಯಿಸ್ ಇಗ್ನಾರೋ ಮೂವರಿಗೂ 1998ರಲ್ಲಿ ನೊಬೆಲ್ ಬಂತು.

ಮಾತ್ರೆಡಬ್ಬಿ:
ತುಂಬೆಹೂ ಮೇಡಂ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಫಾರ್ಮಸಿಸ್ಟ್. ಸಂಜೆಗಾಳಿ ಅವರ 8 ಗಂಟೆ, 3 ಗಂಟೆ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ, ಅದನ್ನು ನಾನು ಹೇಳುತ್ತೇನೆ.

ಡಾಕ್ಟರ್ ಬರೆದದ್ದು ತಪ್ಪಲ್ಲ, ಬೇಕಂತಲೇ ಹಾಗೆ ಬರೆದಿದ್ದಾರೆ. ನೈಟ್ರೇಟ್, ಅಂದರೆ ಅಮ್ಮನ ಈ ಎರಡೂ ಮಾತ್ರೆಗಳ ಜಾತಿಯ ಔಷಧಿ, ಹಗಲು ರಾತ್ರಿ ಬಿಡದೆ ದೇಹದಲ್ಲಿ ಇದ್ದರೆ ನಾಳಗಳು ಅದಕ್ಕೆ ಸ್ಪಂದಿಸುವುದನ್ನೇ ಬಿಡುತ್ತವೆ. ಒಂದೆರಡು ದಿನದಲ್ಲೇ ಪರಿಣಾಮ ಕುಗ್ಗುತ್ತದೆ. ದಿನಕ್ಕೆ 10ರಿಂದ 12 ಗಂಟೆ ಖಾಲಿ ಬಿಟ್ಟರೆ ಮತ್ತೆ ಮೊದಲಿನ ಹಾಗೆ ಆಗುತ್ತವೆ. ಅದಕ್ಕೇ ಎರಡು ಮಾತ್ರೆಗಳನ್ನು ಏಳು ಗಂಟೆ ಅಂತರದಲ್ಲಿ ಹಗಲಿಗೇ ಕೊಟ್ಟು, ನೋವು ಬರುವ ಸಾಧ್ಯತೆ ಕಡಿಮೆ ಇರುವ ರಾತ್ರಿಯನ್ನು ಬಿಡುತ್ತಾರೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಇದ್ದರೂ ರಾತ್ರಿ ಕಿತ್ತು ತೆಗೆಯಿರಿ ಅನ್ನುವುದು ಇದೇ ಕಾರಣಕ್ಕೆ. ಹಿಂದೆ ಡೈನಮೈಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಸೋಮವಾರ ವಿಪರೀತ ತಲೆನೋವು ಬರುತ್ತಿತ್ತು. ವಾರದ ನಡುವೆ ಕಡಿಮೆ ಆಗುತ್ತಿತ್ತು, ರಜೆ ಮುಗಿಸಿ ಬಂದರೆ ಮತ್ತೆ ಶುರು. ಗಾಳಿಯಲ್ಲಿದ್ದ ನೈಟ್ರೋಗ್ಲಿಸರಿನ್‌ಗೆ ದೇಹ ಒಗ್ಗುವುದೂ, ಮರೆಯುವುದೂ ಹಾಗೆ. ಅಮ್ಮನ ತಲೆನೋವೂ ದಿನ ಕಳೆದಂತೆ ಕಡಿಮೆ ಆಗಬಹುದು.

ಕೆಲವು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ನಾಲಿಗೆ ಕೆಳಗಿನ ಮಾತ್ರೆಯನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು, ನಿಂತು ಬೇಡ. ನುಂಗಬಾರದು. ನುಂಗಿದರೆ ಲಿವರ್ ಅದರ ಬಹುಪಾಲನ್ನು ಮೊದಲೇ ಒಡೆದುಹಾಕುತ್ತದೆ. ಐದು ನಿಮಿಷದಲ್ಲಿ ನೋವು ಕಡಿಮೆ ಆಗದಿದ್ದರೆ ಅಥವಾ ಜಾಸ್ತಿ ಆದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಇನ್ನೂ ನೋಡೋಣ ಅಂತ ಕಾಯಬೇಡಿ. ಮಾತ್ರೆಯನ್ನು ಬಂದ ಗಾಜಿನ ಬಾಟಲಿಯಲ್ಲೇ ಇಡಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ, ಹತ್ತಿ ತುಂಬಿದರೆ ಔಷಧಿ ಅದಕ್ಕೆ ಹೀರಿಕೊಂಡು ಮಾತ್ರೆ ಸಪ್ಪೆಯಾಗುತ್ತದೆ.

ಇನ್ನೊಂದನ್ನು ಜನ ಸಂಕೋಚದಿಂದ ಹೇಳುವುದಿಲ್ಲ. ಗಂಡಸರ ಲೈಂಗಿಕ ತೊಂದರೆಗೆ ಕೊಡುವ ಸಿಲ್ಡೆನಾಫಿಲ್, ಟಡಲಾಫಿಲ್ ತೆಗೆದುಕೊಂಡವರು ನೈಟ್ರೇಟ್ ಮುಟ್ಟಬಾರದು. ನೈಟ್ರೇಟ್ ಸೈಕ್ಲಿಕ್ ಜಿಎಂಪಿ ಮಾಡಿಸುತ್ತದೆ, ಈ ಮಾತ್ರೆಗಳು ಅದು ಒಡೆದುಹೋಗದಂತೆ ತಡೆಯುತ್ತವೆ. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೇ ಅಪಾಯ ಆಗುವಷ್ಟು ಬೀಳಬಹುದು. ಸಿಲ್ಡೆನಾಫಿಲ್ ಆದರೆ ಕಡಿಮೆ ಅಂದರೂ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ಅಂತರ ಬೇಕು. ತುರ್ತು ವಿಭಾಗದಲ್ಲಿ ಡಾಕ್ಟರ್ ಕೇಳಿದರೆ ದಯವಿಟ್ಟು ಮುಚ್ಚಿಡಬೇಡಿ.

ನಸುಕು:
ನನ್ನ ಕಥೆ ಸ್ವಲ್ಪ ಬೇರೆ, ಇಲ್ಲಿ ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನನಗೆ 44. ನಡೆದರೆ, ಓಡಿದರೆ ಏನೂ ಆಗುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ನಿದ್ದೆಯಲ್ಲಿ ಎದೆ ಹಿಂಡಿ ಎಚ್ಚರ ಆಗುತ್ತಿತ್ತು. ಆಂಜಿಯೋಗ್ರಾಂ ಕ್ಲೀನ್. ಟೆನ್ಶನ್ ಇರಬೇಕು ಅಂದರು. ಒಂದು ಕಡೆ ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಕೊಟ್ಟರು, ನೋವು ಇನ್ನೂ ಜಾಸ್ತಿ ಸಲ ಬರೋಕೆ ಶುರುವಾಯಿತು. ಒಂದೂವರೆ ವರ್ಷ ಹೀಗೇ ಕಳೆಯಿತು. ಮನೆಯವರೂ ನಂಬುವುದು ಬಿಟ್ಟರು, ಅದು ನೋವಿಗಿಂತ ಜಾಸ್ತಿ ನೋವು. ಆಮೇಲೆ ಬೇರೆ ಡಾಕ್ಟರ್ ನೋವು ಇರುವಾಗಲೇ ಇಸಿಜಿ ಸಿಗುವ ಹಾಗೆ ಮಾಡಿದರು. ಅದರಲ್ಲಿ ಸ್ಪಷ್ಟವಾಗಿ ಕಂಡಿತು. ನಾಳ ತಾನಾಗಿ ಸೆಳೆತ ಬಂದ ಹಾಗೆ ಬಿಗಿಯಾಗುತ್ತದಂತೆ. ಡಿಲ್ಟಿಯಾಜೆಮ್ ಶುರು ಮಾಡಿದ ಮೇಲೆ ತಿಂಗಳಿಗೆ ಒಂದು ಸಲವೂ ಬಂದಿಲ್ಲ.

ನನ್ನ ಪ್ರಶ್ನೆ, ಬ್ಲಾಕ್ ಇಲ್ಲದ ನಾಳ ಯಾಕೆ ಹೀಗೆ ಮಾಡುತ್ತದೆ? ಆ ಒಂದು ಔಷಧಿ ಕೆಡಿಸಿದ್ದನ್ನು ಈ ಔಷಧಿ ಸರಿ ಮಾಡಿದ್ದು ಹೇಗೆ?

ತುಂಬೆಹೂ:
ನಸುಕು ಅವರೇ, ಒಂದೂವರೆ ವರ್ಷ ಯಾರೂ ನಂಬದೆ ಇದ್ದದ್ದು ಓದಿ ಸಂಕಟ ಆಯಿತು. ನಿಮ್ಮ ನೋವಿಗೆ 1959ರಿಂದಲೇ ಹೆಸರಿದೆ, ಪ್ರಿನ್ಸ್‌ಮೆಟಲ್ ಆಂಜೈನಾ (ಆಂಜೈನಾ ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು). ವಿಶ್ರಾಂತಿಯಲ್ಲಿ, ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದ ಒಳಗೆ ಬರುವುದು ಅದರ ಗುರುತು.

ಕಾರಣದಲ್ಲಿ ಪೊರೆಗೂ ಪಾಲಿದೆ, ಸ್ನಾಯುವಿಗೂ ಪಾಲಿದೆ. 1986ರಲ್ಲಿ ಲಡ್ಮರ್ ಮತ್ತು ಜೊತೆಗಾರರು ಮನುಷ್ಯರ ಹೃದಯದ ನಾಳಕ್ಕೇ ಅಸಿಟೈಲ್‌ಕೋಲಿನ್ ಬಿಟ್ಟು ನೋಡಿದರು. ಆರೋಗ್ಯವಾದ ನಾಳ ಹಿಗ್ಗಿತು. ಕೊಬ್ಬು ಕಟ್ಟಿದ ನಾಳ ತಿರುಗಿ ಬಿಗಿಯಾಯಿತು. ಅದೇ ಬಿಗಿಯಾದ ನಾಳ ನೈಟ್ರೋಗ್ಲಿಸರಿನ್‌ಗೆ ಹಿಗ್ಗಿತು. ಯಾಕೆಂದರೆ ಅಸಿಟೈಲ್‌ಕೋಲಿನ್ ಎರಡು ಕಡೆ ಮಾತಾಡುತ್ತದೆ. ಪೊರೆಗೆ ಸಡಿಲಿಸು ಅನ್ನುತ್ತದೆ, ಸ್ನಾಯುವಿಗೆ ನೇರವಾಗಿ ಬಿಗಿ ಹಿಡಿ ಅನ್ನುತ್ತದೆ. ಪೊರೆ ಗಟ್ಟಿಯಿದ್ದರೆ ಅದರ ಮಾತು ನಡೆಯುತ್ತದೆ. ಸಿಗರೇಟು, ಶುಗರ್, ಬಿಪಿ ಇವೆಲ್ಲ ಬ್ಲಾಕ್ ಕಾಣುವುದಕ್ಕೆ ಎಷ್ಟೋ ಮೊದಲೇ ಪೊರೆಯನ್ನು ದುರ್ಬಲ ಮಾಡುತ್ತವೆ. ನಿಮ್ಮಂಥವರಲ್ಲಿ ಇದರ ಮೇಲೆ ಸ್ನಾಯುವೇ ಅತಿಯಾಗಿ ಕೆರಳುವ ಸ್ವಭಾವದ್ದಾಗಿರುತ್ತದೆ.

ಡಿಲ್ಟಿಯಾಜೆಮ್ ಆ ಕೆರಳುವ ಸ್ನಾಯುವಿನ ಬಾಗಿಲಲ್ಲೇ ನಿಲ್ಲುತ್ತದೆ. ಸ್ನಾಯು ಬಿಗಿಯಾಗಬೇಕಾದರೆ ಹೊರಗಿನಿಂದ ಕ್ಯಾಲ್ಸಿಯಂ ಒಳಗೆ ಬರಬೇಕು, ಅದು ಬರುವ ದಾರಿಗಳನ್ನು ಡಿಲ್ಟಿಯಾಜೆಮ್, ಅಮ್ಲೋಡಿಪಿನ್, ವೆರಪಮಿಲ್ ಮುಚ್ಚುತ್ತವೆ. ಬೀಟಾ ಬ್ಲಾಕರ್ ವಿಷಯ ಬೇರೆ. ನಾಳದ ಮೇಲೆ ಅಡ್ರಿನಲಿನ್ ಹಿಡಿಯುವ ಎರಡು ಬಗೆಯ ಹಿಡಿಗಳಿವೆ. ಬೀಟಾ ಸಡಿಲಿಸುತ್ತದೆ, ಆಲ್ಫಾ ಬಿಗಿ ಮಾಡುತ್ತದೆ. ಬೀಟಾವನ್ನು ಮುಚ್ಚಿದರೆ ಆಲ್ಫಾ ಒಂದೇ ಉಳಿಯುತ್ತದೆ, ಸೆಳೆತದ ಸ್ವಭಾವ ಇರುವ ನಾಳಕ್ಕೆ ಇದು ಕೆಟ್ಟದ್ದು. ಇದನ್ನು ಓದಿ ಬೇರೆಯವರು ದಯವಿಟ್ಟು ಬೀಟಾ ಬ್ಲಾಕರ್ ನಿಲ್ಲಿಸಬೇಡಿ! ಮೆಟ್ಟಿಲು ಹತ್ತಿದರೆ ಬರುವ ನೋವಿಗೆ ಅದು ತುಂಬಾ ಒಳ್ಳೆಯ ಔಷಧಿ, ಹಠಾತ್ತಾಗಿ ನಿಲ್ಲಿಸಿದರೆ ಅಪಾಯ.

ಲ್ಯಾಬ್‌ನ ಇನ್ನೊಂದು ವಿಷಯ ಹೇಳದೆ ಇರೋಕೆ ಆಗುತ್ತಿಲ್ಲ. ಒಂದು ಹೊಸ ಔಷಧಿ ಯಾವ ದಾರಿಯಲ್ಲಿ ಸಡಿಲಿಸುತ್ತದೆ ಅಂತ ಕಂಡುಹಿಡಿಯುವುದಕ್ಕೆ ಉಂಗುರವನ್ನು ಪೊಟ್ಯಾಸಿಯಂನಿಂದ ಬಿಗಿ ಮಾಡುತ್ತಿದ್ದೆವು. ಪಿನಾಸಿಡಿಲ್ ಥರದ ಔಷಧಿಗಳು ಪೊಟ್ಯಾಸಿಯಂ ಹೊರಹೋಗುವ ದಾರಿ ತೆರೆಯುತ್ತವೆ. ಆಗ ಕೋಶದ ವಿದ್ಯುತ್ ಇಳಿದು ಕ್ಯಾಲ್ಸಿಯಂ ದಾರಿ ತಾನಾಗಿ ಮುಚ್ಚುತ್ತದೆ. ಹೊರಗೆ ಪೊಟ್ಯಾಸಿಯಂ ಸ್ವಲ್ಪ ಮಾತ್ರ ಹೆಚ್ಚಿದ್ದರೆ ಪಿನಾಸಿಡಿಲ್ ಚೆನ್ನಾಗಿ ಸಡಿಲಿಸುತ್ತದೆ. ತುಂಬಾ ಹೆಚ್ಚಿದ್ದರೆ ಬಾಗಿಲು ತೆರೆದರೂ ಪೊಟ್ಯಾಸಿಯಂ ಹೊರಗೆ ಹೋಗುವುದಿಲ್ಲ, ಔಷಧಿ ಸೋಲುತ್ತದೆ. ಕ್ಯಾಲ್ಸಿಯಂ ದಾರಿ ಮುಚ್ಚುವ ಔಷಧಿ ಅಲ್ಲೂ ಗೆಲ್ಲುತ್ತದೆ. ಒಂದೇ ಉಂಗುರ, ಎರಡು ಬಗೆಯ ಬಿಗಿ, ಅದರಿಂದಲೇ ಔಷಧಿಯ ಗುಟ್ಟು ಹೊರಬರುತ್ತದೆ. ನಿಕೊರಾಂಡಿಲ್ ಅಂತ ಒಂದು ಮಾತ್ರೆ ಇದೆಯಲ್ಲ, ಅದು ಈ ಪೊಟ್ಯಾಸಿಯಂ ದಾರಿಯನ್ನೂ ತೆರೆಯುತ್ತದೆ, ನೈಟ್ರೇಟ್ ಕೆಲಸವನ್ನೂ ಮಾಡುತ್ತದೆ.

ಬೆಳ್ಳಿಮೋಡ:
ಕೊಳಾಯಿ ಮಾತು ವಾಪಸು ತೆಗೆದುಕೊಂಡೆ ಮೇಡಂ, ಚೆನ್ನಾಗಿ ಅರ್ಥ ಆಯಿತು. ನನ್ನ ತಂಗಿಗೆ ಮುಂದಿನ ವಾರ ಅಡಿನೋಸಿನ್ ಕೊಟ್ಟು ಹೃದಯದ ಸ್ಕ್ಯಾನ್ ಮಾಡುತ್ತಾರೆ. ಅದೂ ನಾಳ ಹಿಗ್ಗಿಸುವುದೇ ಅಂದರು. ಹಾಗಾದರೆ ಅದನ್ನೇ ಮಾತ್ರೆಯಾಗಿ ಯಾಕೆ ಕೊಡಬಾರದು? ಮತ್ತೆ ಹಿಂದಿನ ದಿನದಿಂದ ಕಾಫಿ, ಟೀ ಬಿಡಿ ಅಂದಿದ್ದಾರೆ, ಅದು ಯಾಕೆ?

ತುಂಬೆಹೂ:
ಅಡಿನೋಸಿನ್ ಹಿಗ್ಗಿಸುವುದು ಸಣ್ಣ ನಾಳಗಳನ್ನು. ಮೇಲೆ ಹೇಳಿದೆನಲ್ಲ, ಬ್ಲಾಕ್ ಆಚೆಗಿನ ಸಣ್ಣ ನಾಳಗಳು ಆಗಲೇ ಪೂರ್ತಿ ಸಡಿಲ ಆಗಿರುತ್ತವೆ. ಅವಕ್ಕೆ ಅಡಿನೋಸಿನ್ ಹೊಸದಾಗಿ ಏನೂ ಕೊಡಲಾರದು. ಆದರೆ ಪಕ್ಕದ ಆರೋಗ್ಯವಾದ ಕಡೆ ಹರಿವು ಮೂರು ನಾಲ್ಕು ಪಟ್ಟು ಏರುತ್ತದೆ. ಸ್ಕ್ಯಾನ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಪರೀಕ್ಷೆಗೆ ಬೇಕಾದದ್ದೂ ಅದೇ. ಕೆಲವು ಸಲ ಪಕ್ಕದಾರಿಯಿಂದ ಬರುತ್ತಿದ್ದ ರಕ್ತವೂ ಆರೋಗ್ಯವಾದ ಕಡೆಗೇ ಎಳೆದುಹೋಗುತ್ತದೆ, ಕೊರತೆ ಇರುವ ಕಡೆಗೆ ಇನ್ನೂ ಕೊರತೆ. ಪರೀಕ್ಷೆಗೆ ಉಪಯೋಗ ಆಗುವ ಅದೇ ಗುಣ ಚಿಕಿತ್ಸೆಗೆ ಅಡ್ಡಿ. ಅಲ್ಲದೆ ಅದು ರಕ್ತದಲ್ಲಿ ಉಳಿಯುವುದೇ ಕೆಲವು ಸೆಕೆಂಡು, ಅದಕ್ಕೇ ಡ್ರಿಪ್‌ನಲ್ಲಿ ಕೊಡುತ್ತಾರೆ.

ಕೆಫೀನ್ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ನಾಳ ಪೂರ್ತಿ ಹಿಗ್ಗುವುದಿಲ್ಲ, ರಿಪೋರ್ಟ್ ಸುಳ್ಳೇ ನಾರ್ಮಲ್ ಬರಬಹುದು. ತಂಗಿಗೆ ಆಸ್ತಮಾ ಇದ್ದರೆ ಮೊದಲೇ ಹೇಳಲಿ. ಪರೀಕ್ಷೆ ವೇಳೆ ಎದೆ ಬಿಗಿದ ಹಾಗೆ, ಮುಖ ಬಿಸಿಯಾದ ಹಾಗೆ ಅನ್ನಿಸಬಹುದು. ಡ್ರಿಪ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ ಅಂತ ಅವರಿಗೆ ಧೈರ್ಯ ಹೇಳಿ.

ಮಾತ್ರೆಡಬ್ಬಿ:
ನನ್ನದೊಂದು ಸೇರಿಸುತ್ತೇನೆ. ನಾಲಿಗೆ ಕೆಳಗೆ ಮಾತ್ರೆ ಇಟ್ಟಾಗ ನೋವು ಹೋಯಿತು ಅಂದರೆ ಅದು ಹೃದಯದ್ದೇ ನೋವು ಅಂತ ಖಾತ್ರಿ ಮಾಡಿಕೊಳ್ಳಬೇಡಿ. ಅನ್ನನಾಳದ ಸೆಳೆತವೂ ಅದಕ್ಕೆ ಬಿಡುತ್ತದೆ, ಅಲ್ಲೂ ಇದೇ ಜಾತಿಯ ಸ್ನಾಯು ಇದೆ. ಹೋಗಲಿಲ್ಲ ಅಂದರೆ ಹೃದಯದ್ದಲ್ಲ ಅಂತಲೂ ಅಲ್ಲ. ಸಣ್ಣ ನಾಳಗಳ ತೊಂದರೆಯಲ್ಲಿ, ಅದು ಹೆಂಗಸರಲ್ಲಿ ಜಾಸ್ತಿ, ನೈಟ್ರೋಗ್ಲಿಸರಿನ್ ಅಷ್ಟಾಗಿ ಕೆಲಸ ಮಾಡದೇ ಇರಬಹುದು. ಮಾತ್ರೆ ಪರೀಕ್ಷೆ ಅಲ್ಲ, ಪರೀಕ್ಷೆ ಡಾಕ್ಟರ್ ಹತ್ತಿರವೇ ಆಗಬೇಕು.

ಸಂಜೆಗಾಳಿ:
ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಅಮ್ಮನ ಜೊತೆ ಕೂತು ಎಲ್ಲ ಓದಿ ಹೇಳಿದೆ. ಇನ್ನೊಂದೇ ಪ್ರಶ್ನೆ. ಅವರು ಮಧ್ಯಾಹ್ನ ಮಲಗಿಬಿಟ್ಟು 3 ಗಂಟೆ ಮಾತ್ರೆ ಮರೆಯುವುದುಂಟು. ರಾತ್ರಿ 9ಕ್ಕೆ ನೆನಪಾದರೆ ಆಗ ಕೊಡಬಹುದಾ?

ಮಾತ್ರೆಡಬ್ಬಿ:
ಗಂಟೆ ಎರಡು ಗಂಟೆ ತಡವಾದರೆ ಕೊಡಿ. ರಾತ್ರಿಯಾಗಿಬಿಟ್ಟರೆ ಬೇಡ, ಖಾಲಿ ಬಿಡುವ ಸಮಯ ಕಡಿಮೆಯಾಗುತ್ತದೆ. ಮರುದಿನ ಬೆಳಗ್ಗೆ ಎಂದಿನ ಹಾಗೆ ಒಂದೇ ಕೊಡಿ, ಎರಡು ಸೇರಿಸಬೇಡಿ. ಪದೇ ಪದೇ ಮರೆಯುತ್ತಿದ್ದರೆ ಡಾಕ್ಟರ್‌ಗೆ ಹೇಳಿ, ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ, ನಿಧಾನವಾಗಿ ಬಿಡುಗಡೆ ಆಗುವ ಬಗೆಯೂ ಇದೆ. ನಾಲಿಗೆ ಕೆಳಗಿನ ಮಾತ್ರೆಯ ಬಾಟಲಿ ತೆರೆದ ತಾರೀಖನ್ನು ಮೇಲೆ ಬರೆದಿಡಿ.

ಸಂಜೆಗಾಳಿ:
ಫೋನಿನಲ್ಲಿ 3 ಗಂಟೆಗೆ ಅಲಾರಂ ಇಟ್ಟೆ. ಮಾತ್ರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇತ್ತು. ಅದನ್ನು ಬಿಸಾಕಿ ನಾಳೆ ಬೆಳಗ್ಗೆ ಹೊಸ ಬಾಟಲಿ ತರುತ್ತೇನೆ.